ಕತ್ತು ಅಲ್ಲಾಡದವರಿಗೆ ಎಚ್ಚರವಿರುವಾಗಲೇ ಗಂಟಲಿಗೆ ಟ್ಯೂಬ್ ಇಳಿಸುತ್ತಾರಂತೆ, ಯಾಕೆ?

ನಿಮ್ಮ ತಂದೆಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ) ಇದೆ, ಕತ್ತು ಮುಂದಕ್ಕೆ ಬಾಗಿ ಹಾಗೇ ಗಟ್ಟಿಯಾಗಿದೆ, ಸೊಂಟದ ಕೀಲು ಬದಲಿಸುವ ಆಪರೇಷನ್ ಇದೆ ಎಂದು ಬರೆದಿದ್ದೀರಿ. ಮೂಗಿನ ಮೂಲಕ, ಅದೂ ಎಚ್ಚರವಿರುವಾಗಲೇ ಉಸಿರಾಟದ ಟ್ಯೂಬ್ ಹಾಕುತ್ತೇವೆ ಎಂದು ಅಲ್ಲಿನ ಡಾಕ್ಟರ್ ಹೇಳಿದ್ದಾರೆ. "ಮೊದಲು ನಿದ್ದೆ ಬರಿಸಿ ಆಮೇಲೆ ಹಾಕಬಾರದೇ, ಇದು ಹಿಂಸೆ ಅಲ್ವಾ?" ಎಂದು ಕೇಳಿದ್ದೀರಿ.

ನಾನು ಅರಿವಳಿಕೆ ವೈದ್ಯೆ. ನಿಮ್ಮ ತಂದೆಯವರನ್ನು ನಾನು ನೋಡಿಲ್ಲ. ಆದರೆ ನೀವು ಬರೆದದ್ದನ್ನು ಓದಿದರೆ, ಆ ಡಾಕ್ಟರ್ ಹುಷಾರಿನ ದಾರಿಯನ್ನೇ ಹಿಡಿದಿದ್ದಾರೆ ಅನ್ನಿಸುತ್ತದೆ.

ನಿದ್ದೆ ಬರಿಸುವ ಮದ್ದು ಕೊಟ್ಟ ಕೂಡಲೇ ಉಸಿರಾಟ ನಿಲ್ಲುತ್ತದೆ. ಮೈಯೆಲ್ಲ ಸಡಿಲವಾಗಿ ನಾಲಗೆ ಹಿಂದಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ನಾವು ತಲೆಯನ್ನು ಹಿಂದಕ್ಕೆ ವಾಲಿಸಿ, ಗದ್ದ ಮೇಲೆತ್ತಿ, ಮಾಸ್ಕಿನಿಂದ ಗಾಳಿ ಕೊಡುತ್ತೇವೆ. ಆಮೇಲೆ ಲ್ಯಾರಿಂಗೋಸ್ಕೋಪ್ ಎಂಬ ಬಾಗಿದ ಪಟ್ಟಿಯಿಂದ ನಾಲಗೆ ಸರಿಸಿ, ಶ್ವಾಸನಾಳದ ಬಾಯಿಯನ್ನು ಕಣ್ಣಾರೆ ನೋಡಿ ಟ್ಯೂಬ್ ಹಾಕುತ್ತೇವೆ. ಆಕ್ಸ್‌ಫರ್ಡಿನ ಅರಿವಳಿಕೆ ವೈದ್ಯ ಮ್ಯಾಕಿಂಟಾಶ್ 1943ರಲ್ಲಿ ರೂಪಿಸಿದ ಪಟ್ಟಿಯನ್ನೇ ಇವತ್ತಿಗೂ ಬಳಸುತ್ತಿದ್ದೇವೆ. ಆದರೆ ಈ ಎರಡೂ ಕೆಲಸಕ್ಕೆ ತಲೆ ಹಿಂದಕ್ಕೆ ವಾಲಬೇಕು. ನಿಮ್ಮ ತಂದೆಯವರ ತಲೆ ವಾಲುವುದಿಲ್ಲ. ನಿದ್ದೆ ಬರಿಸಿದ ಮೇಲೆ ಮಾಸ್ಕಿನಿಂದ ಗಾಳಿಯೂ ಹೋಗಲಿಲ್ಲ, ಟ್ಯೂಬೂ ಇಳಿಯಲಿಲ್ಲ ಅಂದರೆ ನಮ್ಮ ಕೈಯಲ್ಲಿ ಇರುವುದು ಕೆಲವೇ ನಿಮಿಷ. ಗದ್ದ ಎದೆಗೆ ತಾಗುವ ಹಾಗಿದ್ದರೆ ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡುವುದಕ್ಕೂ ಜಾಗ ಇರುವುದಿಲ್ಲ. ಬಲವಂತವಾಗಿ ಕತ್ತು ಎತ್ತಲು ಹೋದರೆ ಆ ಬೆಸೆದುಕೊಂಡ ಮೂಳೆ ಮುರಿಯಲೂಬಹುದು. ಎಚ್ಚರವಿದ್ದರೆ? ಅವರ ಉಸಿರನ್ನು ಅವರೇ ಆಡುತ್ತಿರುತ್ತಾರೆ. ನಮಗೆ ಅವಸರವೇ ಇಲ್ಲ.

ಇದಕ್ಕೆ ನಾವು ಬಳಸುವುದು ಸ್ಕೋಪ್, ಅಂದರೆ ದೇಹದ ಒಳಗನ್ನು ತೋರಿಸುವ ತೆಳ್ಳಗಿನ, ಬಾಗುವ ಕೊಳವೆ. ಮೊದಲ ಸಲ ಇಂಥ ಸ್ಕೋಪ್‌ನಿಂದ ಟ್ಯೂಬ್ ಇಳಿಸಿದ್ದೂ ಕೀಲು ಬಿಗಿದ ರೋಗಿಗೇ. 1967ರಲ್ಲಿ ಲಂಡನ್‌ನ ಅರಿವಳಿಕೆ ವೈದ್ಯ ಪೀಟರ್ ಮರ್ಫಿ, ಕೀಲುಗಳೆಲ್ಲ ಬಿಗಿದಿದ್ದ ಸ್ಟಿಲ್ಸ್ ಕಾಯಿಲೆಯ ರೋಗಿಯೊಬ್ಬರಿಗೆ ಮೂಗಿನಿಂದ ಟ್ಯೂಬ್ ಇಳಿಸಿದರು. ಅವರು ಬಳಸಿದ್ದು ಪಿತ್ತನಾಳದ ಒಳಗೆ ನೋಡಲು ಮಾಡಿದ್ದ ಸ್ಕೋಪ್! ಇದ್ದದ್ದರಲ್ಲೇ ಕೆಲಸ ಸಾಗಿಸಿದರು ನೋಡಿ.

ಈಗ ಹಿಂಸೆಯ ಮಾತು. ಗಂಟಲು ಚೆನ್ನಾಗಿ ಮರಗಟ್ಟಿದ್ದರೆ ಹಿಂಸೆ ಅನ್ನುವಷ್ಟು ಇರುವುದಿಲ್ಲ. ಮರಗಟ್ಟದಿದ್ದರೆ ನಿಜವಾಗಿ ಹಿಂಸೆಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಆಪರೇಷನ್ ಪಟ್ಟಿ ಉದ್ದ ಇತ್ತು, ನಾನು ಮದ್ದು ಹಿಡಿಯುವವರೆಗೆ ಕಾಯಲಿಲ್ಲ. ರೋಗಿ ಕೆಮ್ಮಿ ಕೆಮ್ಮಿ ನನ್ನ ಮಣಿಕಟ್ಟು ಹಿಡಿದುಕೊಂಡುಬಿಟ್ಟರು. ಎಲ್ಲ ನಿಲ್ಲಿಸಿ, ಕ್ಷಮೆ ಕೇಳಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಈಗ ಸರ್ಜನ್ ಎಷ್ಟೇ ಸಲ ಬಾಗಿಲಲ್ಲಿ ಇಣುಕಲಿ, ನಾನು ಕಾಯುತ್ತೇನೆ.

ನಾನು ಮಾಡುವ ಕ್ರಮ ಹೀಗೆ. ಜೊಲ್ಲು ಒಣಗಲು ಒಂದು ಇಂಜೆಕ್ಷನ್. ನೆಗಡಿಗೆ ಹಾಕುತ್ತೀವಲ್ಲ, ಅದೇ ಥರದ ಡ್ರಾಪ್ಸ್ ಮೂಗಿಗೆ, ರಕ್ತ ಬರದಿರಲಿ ಅಂತ. ಆಮೇಲೆ ಮರಗಟ್ಟಿಸುವ ಲಿಗ್ನೋಕೇನ್: ನೆಬ್ಯುಲೈಸರ್‌ನಲ್ಲಿ ಸ್ವಲ್ಪ, ಗಂಟಲಿಗೆ ಸ್ಪ್ರೇ ಸ್ವಲ್ಪ. ಇದನ್ನು ಸುಮ್ನೆ ಸುರಿಯುವ ಹಾಗಿಲ್ಲ, ತೂಕ ನೋಡಿ ಲೆಕ್ಕ ಹಾಕಬೇಕು. ಕೆ.ಜಿ.ಗೆ 9 ಮಿಲಿಗ್ರಾಂ ದಾಟಬಾರದು, ಅದೂ ಬೊಜ್ಜು ಬಿಟ್ಟು ಉಳಿದ ತೂಕಕ್ಕೆ. ತುಂಬಾ ಕಹಿ. "ಮೇಡಂ, ಹಾಗಲಕಾಯಿ ರಸ ಕುಡಿಸಿದ್ರಿ" ಎಂದು ಒಬ್ಬ ಅಜ್ಜ ಬೈದಿದ್ದರು. ಐದು ಹತ್ತು ನಿಮಿಷದಲ್ಲಿ ಗಂಟಲು ದಪ್ಪ ಆದ ಹಾಗೆ, ಎಂಜಲು ನುಂಗಲಾಗದ ಹಾಗೆ ಅನ್ನಿಸುತ್ತದೆ. ಇದನ್ನು ತಂದೆಯವರಿಗೆ ಮೊದಲೇ ಹೇಳಿಡಿ. ಉಸಿರು ಕಟ್ಟುತ್ತಿದೆ ಎಂದು ಗಾಬರಿ ಬೀಳುವುದು ಇಲ್ಲೇ. ಜೊತೆಗೆ ಸ್ವಲ್ಪ ಮಂಪರು ಬರಿಸುತ್ತೇವೆ, ಆದರೆ ಕರೆದರೆ ಓಗೊಡುವಷ್ಟು ಎಚ್ಚರ ಇರಬೇಕು. ಆಕ್ಸಿಜನ್ ಉದ್ದಕ್ಕೂ ಹೋಗುತ್ತಲೇ ಇರುತ್ತದೆ.

ಅಂಗಾತ ಮಲಗಿಸಿದರೆ ತಲೆ ಗಾಳಿಯಲ್ಲಿ ನಿಲ್ಲುತ್ತದಲ್ಲ, ಅದಕ್ಕೆ ವಾರ್ಡಿನಿಂದ ಮೂರು ನಾಲ್ಕು ದಿಂಬು ತರಿಸುತ್ತೇನೆ, ಇಲ್ಲವೇ ಒರಗಿ ಕೂರಿಸಿ ಎದುರಿಗೆ ನಿಲ್ಲುತ್ತೇನೆ. ಪೆನ್ಸಿಲ್‌ಗಿಂತ ತೆಳ್ಳಗಿನ, ಬಾಗುವ ಸ್ಕೋಪ್‌ಗೆ ಟ್ಯೂಬನ್ನು ಮೊದಲೇ ಪೋಣಿಸಿಟ್ಟಿರುತ್ತೇವೆ. ಬೆಚ್ಚಗಿನ ನೀರಲ್ಲಿಟ್ಟರೆ ಟ್ಯೂಬ್ ಮೆತ್ತಗಾಗುತ್ತದೆ. ಪರದೆಯ ಮೇಲೆ ಮೂಗಿನ ಕೆಂಪು ಗುಹೆ ದಾಟಿದ ಮೇಲೆ ಬೆಳ್ಳಗಿನ ಎರಡು ಪಟ್ಟಿ ಕಾಣುತ್ತವೆ. ಅವೇ ಸ್ವರತಂತು. "ಜೋರಾಗಿ ಉಸಿರೆಳೀರಿ ಯಜಮಾನ್ರೇ" ಅಂದ ಕೂಡಲೇ ಬಾಗಿಲು ತೆರೆದ ಹಾಗೆ ಅಗಲವಾಗುತ್ತವೆ. ನಿದ್ದೆಯಲ್ಲಿರುವವರು ಈ ಸಹಾಯ ಮಾಡುತ್ತಾರಾ? ಒಳಗೆ ಹೊಕ್ಕರೆ ಶ್ವಾಸನಾಳದ ಉಂಗುರಗಳು, ಅದು ಎರಡಾಗಿ ಕವಲೊಡೆಯುವ ಜಾಗ. ಅಷ್ಟು ಕಂಡ ಮೇಲೆ ಟ್ಯೂಬ್ ಜಾರಿಸುತ್ತೇವೆ, ಉಸಿರಿನಲ್ಲಿ ಬರುವ ಇಂಗಾಲದ ಡೈಆಕ್ಸೈಡಿನ ಅಲೆ ಮಾನಿಟರ್‌ನಲ್ಲಿ ಮೂಡಬೇಕು. ಮೂಡಿದ ಕ್ಷಣವೇ ನಿದ್ದೆಯ ಮದ್ದು.

ವಿಡಿಯೋ ಲ್ಯಾರಿಂಗೋಸ್ಕೋಪ್ ಬಗ್ಗೆಯೂ ನೀವು ಓದಿರಬಹುದು. ತುದಿಯಲ್ಲೇ ಕ್ಯಾಮೆರಾ ಇರುವುದರಿಂದ ಕತ್ತು ಅಷ್ಟು ಬಗ್ಗಿಸಬೇಕಿಲ್ಲ. ಅಪಘಾತದಲ್ಲಿ ಕತ್ತಿಗೆ ಪೆಟ್ಟಾಗಿ ಬರುವವರಿಗೆ, ಒಬ್ಬರು ಎರಡೂ ಕೈಯಿಂದ ತಲೆ ಅಲ್ಲಾಡದಂತೆ ಹಿಡಿದಿರುವಾಗ, ಅದು ನನಗೆ ಬಹಳ ಇಷ್ಟ. ಆದರೆ ಅದಕ್ಕೂ ಬಾಯಿ ಸಾಕಷ್ಟು ತೆರೆಯಬೇಕು. ಈ ಕಾಯಿಲೆಯಲ್ಲಿ ದವಡೆಯ ಕೀಲೂ ಬಿಗಿಯಬಹುದು. ಗುಟ್ಕಾ ಚಟವಿದ್ದರಂತೂ ಎರಡು ಬೆರಳೂ ಹೋಗದಷ್ಟು ಬಾಯಿ ಬಿಗಿದಿರುತ್ತದೆ, ಇದ್ದರೆ ಮುಚ್ಚಿಡದೆ ಹೇಳಿ.

ಬೆನ್ನಿಗೆ ಇಂಜೆಕ್ಷನ್ ಸಾಲದೇ ಅನ್ನುವವರೂ ಇದ್ದಾರೆ. ಬೆನ್ನುಮೂಳೆಯ ನಡುವಿನ ಕಟ್ಟುಗಳೇ ಮೂಳೆಯಾಗಿರುವುದರಿಂದ ಸೂಜಿ ಎಷ್ಟೋ ಸಲ ಒಳಗೇ ಹೋಗದು. ಪಕ್ಕದಿಂದ ಹೋಗಿ ಸಿಕ್ಕಿದ್ದೂ ಉಂಟು. ಆದರೆ ಅರ್ಧ ಆಪರೇಷನ್‌ನಲ್ಲಿ ಅದು ಕೈಕೊಟ್ಟರೆ ಮತ್ತೆ ಟ್ಯೂಬೇ ಗತಿ, ಅದೂ ಮಗ್ಗುಲಾಗಿ ಮಲಗಿಸಿರುವಾಗ.

ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು, ಯಾವ ಮೂಗಿನ ಹೊಳ್ಳೆ ಜಾಸ್ತಿ ಕಟ್ಟುತ್ತದೆ, ರಕ್ತ ತೆಳುವಾಗುವ ಮಾತ್ರೆ ಇದೆಯಾ, ಇಷ್ಟನ್ನು ಡಾಕ್ಟರಿಗೆ ತಿಳಿಸಿ. ಆಪರೇಷನ್ ಆದ ಮೇಲೂ ಪೂರ್ತಿ ಎಚ್ಚರವಾಗುವ ತನಕ ಟ್ಯೂಬ್ ತೆಗೆಯುವುದಿಲ್ಲ, ಗಾಬರಿ ಬೇಡ. ಒಂದೆರಡು ದಿನ ದನಿ ಒಡೆದಿರಬಹುದು. ಡಿಸ್ಚಾರ್ಜ್ ಆಗುವಾಗ ಯಾವ ಟ್ಯೂಬ್, ಎಷ್ಟು ಸೈಜ್, ಯಾವ ವಿಧಾನದಲ್ಲಿ ಹೋಯಿತು ಎಂದು ಅರಿವಳಿಕೆ ವೈದ್ಯರಿಂದ ಬರೆಸಿಕೊಂಡು, ಆ ಚೀಟಿ ಲ್ಯಾಮಿನೇಟ್ ಮಾಡಿಸಿಡಿ. ಇನ್ನೊಂದು ಸೊಂಟದ ಆಪರೇಷನ್‌ಗೆ ಬೇಕಾಗುತ್ತದೆ.