ಪೈಥಾನ್‌ನ ಹೊಸ ಆವೃತ್ತಿಗೆ ಡೆಬಿಯನ್ ಪ್ಯಾಕೇಜ್ ಸಿದ್ಧವಾಗಲು ಅಷ್ಟೊಂದು ಸಮಯ ಏಕೆ ಬೇಕು? ನಾವೇ ತಯಾರಿಸಿಕೊಳ್ಳಬಹುದೇ?

ಪೈಥಾನ್‌ನ ಮೂಲ ಕೋಡ್ ಸ್ವಲ್ಪ ಹೊತ್ತಿನಲ್ಲೇ ಕಂಪೈಲ್ ಆಗುವಾಗ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ರೂಪಿಸುವವರು ತಿಂಗಳುಗಟ್ಟಲೆ ಕಾಯುವುದೇಕೆ, ಕಚೇರಿಯ ಸರ್ವರ್‌ಗಳಿಗೆ ನಾವೇ ಪ್ಯಾಕೇಜ್ ಮಾಡಿಕೊಂಡರೆ ತಪ್ಪೇನು ಎಂದು ಕೇಳಿದ್ದೀರಿ. ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ, ನಾನೂ ಕೆಲವು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಆದರೆ ಇಂಟರ್‌ಪ್ರಿಟರ್ (ಪೈಥಾನ್ ಕೋಡನ್ನು ಓಡಿಸುವ ತಂತ್ರಾಂಶ) ಕಟ್ಟುವುದು ಈ ಕೆಲಸದ ಚಿಕ್ಕ ಪಾಲು, ಅದನ್ನು ನೆಚ್ಚಿಕೊಂಡ ನೂರಾರು ಪ್ಯಾಕೇಜ್‌ಗಳನ್ನು ಜೊತೆಗೆ ದಾಟಿಸುವುದೇ ದೊಡ್ಡ ಪಾಲು.

ಲೆಕ್ಕಾಚಾರದ ಲೈಬ್ರರಿಯಾದ ನಂಪೈಯಂತಹ, ಸಿ ಭಾಷೆಯ ಭಾಗಗಳಿರುವ ಒಂದು ಪ್ಯಾಕೇಜನ್ನು ಬಿಚ್ಚಿ ನೋಡಿ. ಕಂಪೈಲ್ ಆದ ಕಡತಗಳ ಹೆಸರಿನಲ್ಲೇ ‘ಸಿಪೈಥಾನ್-311’ ಎಂಬಂತಹ ಗುರುತು ಇರುತ್ತದೆ. ಪೈಥಾನ್ 3.12 ಆ ಗುರುತಿನ ಕಡತದತ್ತ ನೋಡುವುದೇ ಇಲ್ಲವಾದ್ದರಿಂದ, ಕಡತ ಕಣ್ಣೆದುರಿಗೇ ಇದ್ದರೂ ಮಾಡ್ಯೂಲ್ ಸಿಗಲಿಲ್ಲವೆಂದು ದೂರುತ್ತದೆ. ಹಾಗಾಗಿ ಡೆಬಿಯನ್‌ನವರು ಮೊದಲು ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲಿ ಸೇರಿಸಿ, ಇಂತಹ ಪ್ಯಾಕೇಜ್‌ಗಳನ್ನು ಎರಡೂ ಆವೃತ್ತಿಗಳಿಗೆ ಮತ್ತೆ ಕಟ್ಟಿ, ಪರೀಕ್ಷೆಯಲ್ಲಿ ಮುರಿದುಬಿದ್ದವನ್ನು ಒಂದೊಂದಾಗಿ ಸರಿಪಡಿಸಿ, ಆಮೇಲಷ್ಟೇ ಮುಖ್ಯ ಆವೃತ್ತಿಯನ್ನು ಬದಲಿಸುತ್ತಾರೆ. ಹಳೆಯದನ್ನು ಕೈಬಿಡುವುದು ಎಲ್ಲಕ್ಕಿಂತ ಕೊನೆಗೆ. ಅಕ್ಟೋಬರ್ 2023ರಲ್ಲಿ ಬಂದ 3.12ರಲ್ಲಿ ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಇರಲಿಲ್ಲವಾದ್ದರಿಂದ, ಅದೇ ಕೆಲಸದ ಹೊಸ ಸಾಧನವಾದ ಸೆಟಪ್‌ಟೂಲ್ಸ್‌ನ ಆಸರೆಯಿಲ್ಲದೆ ಅದನ್ನೇ ನೇರವಾಗಿ ಬಳಸುತ್ತಿದ್ದ ಹಳೆಯ ಯೋಜನೆಗಳು ಕಟ್ಟುವ ಹಂತದಲ್ಲೇ ಮುಗ್ಗರಿಸಿದವು. ಮರುವರ್ಷ 3.13ರಲ್ಲಿ ಸಿಜಿಐ, ಟೆಲ್‌ನೆಟ್‌ಲಿಬ್ ಸೇರಿದಂತೆ 19 ಹಳೆಯ ಮಾಡ್ಯೂಲ್‌ಗಳು ಒಟ್ಟಿಗೆ ಹೋದವು. ಈ ದುರಸ್ತಿಯನ್ನು ಬಹುಪಾಲು ಸ್ವಯಂಸೇವಕರೇ ಮಾಡುತ್ತಾರೆಂಬುದನ್ನು ನೆನೆದರೆ, ತಡವಾಯಿತೆಂದು ದೂರಲು ನನಗೆ ಮನಸ್ಸಾಗುವುದಿಲ್ಲ.

ನಿಮ್ಮ ಪ್ಯಾಕೇಜ್ ಯಾವ ಕಾರಣಕ್ಕೂ ವ್ಯವಸ್ಥೆಯ ಪೈಥಾನ್‌ನ ಜಾಗದಲ್ಲಿ ಕೂರಬಾರದು. ಒಮ್ಮೆ ನಾನು ಡೆಬಿಯನ್ ಆಧಾರಿತ ಒಂದು ಉಬುಂಟು ಸರ್ವರ್‌ನಲ್ಲಿ ‘ಪೈಥಾನ್3’ ಎಂಬ ಲಿಂಕನ್ನು ನಾನೇ ಕಟ್ಟಿದ ಹೊಸ ಆವೃತ್ತಿಯ ಕಡೆಗೆ ತಿರುಗಿಸಿಬಿಟ್ಟಿದ್ದೆ. ಮಾರನೆಯ ಬೆಳಿಗ್ಗೆ, ಪ್ಯಾಕೇಜ್‌ಗಳನ್ನು ನಿರ್ವಹಿಸುವ ಆಪ್ಟ್ (ಎ-ಪಿ-ಟಿ) ಸಾಧನದ ‘ಆಪ್ಟ್ ಅಪ್‌ಡೇಟ್’ ಓಡಿಸಿದರೆ ‘ಆಪ್ಟ್_ಪಿಕೆಜಿ’ ಎಂಬ ಮಾಡ್ಯೂಲ್ ಇಲ್ಲವೆಂಬ ದೋಷ. ಮೇಲೆ ಹೇಳಿದ ಗುರುತಿನ ತೊಡಕೇ ಅದು. ಆಪ್ಟ್‌ನ ಸಹಾಯಕ ಸ್ಕ್ರಿಪ್ಟ್‌ಗಳೂ ಅದೇ ಪೈಥಾನನ್ನು ನಂಬಿಕೊಂಡಿವೆ ಎಂಬುದು ನನಗೆ ಅಂದು ತಿಳಿಯಿತು.

ಆದ್ದರಿಂದ ‘ಆಪ್ಟ್’ ಡೈರೆಕ್ಟರಿಯಡಿ, ಅಂದರೆ ಓ-ಪಿ-ಟಿ ಎಂಬ ಹೆಸರಿನದರ ಅಡಿಯಲ್ಲಿ, ಪ್ರತ್ಯೇಕ ಜಾಗ ಮಾಡಿ, ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಆದೇಶ ಬಳಸಿ. ಅದು ಆವೃತ್ತಿ ಸಂಖ್ಯೆಯಿರುವ ಹೆಸರುಗಳನ್ನಷ್ಟೇ ಸೃಷ್ಟಿಸುತ್ತದೆ. ನಿಮ್ಮ ಸರ್ವರ್‌ಗಳಲ್ಲಿರುವ ಅತಿ ಹಳೆಯ ಡೆಬಿಯನ್ ಆವೃತ್ತಿಯ ಮೇಲೆ ಕಟ್ಟಿ, ಇಲ್ಲದಿದ್ದರೆ ಅಲ್ಲಿನ ಹಳೆಯ ಜಿಲಿಬ್‌ಸಿ (ವ್ಯವಸ್ಥೆಯ ಮೂಲ ಸಿ ಲೈಬ್ರರಿ) ಅದನ್ನು ಓಡಿಸದೆ ಹೋಗಬಹುದು. ಕಟ್ಟುವಿಕೆಯ ಕೊನೆಯ ಸಾಲುಗಳನ್ನು ತಪ್ಪದೆ ಓದಿ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹೆಡರ್ ಕಡತಗಳು ಇಲ್ಲದಿದ್ದರೂ ಕಟ್ಟುವಿಕೆ ಯಶಸ್ವಿಯಾಗಿಯೇ ಮುಗಿಯುತ್ತದೆ, ಎಸ್‌ಎಸ್‌ಎಲ್ ಮಾಡ್ಯೂಲ್ ಬಿಟ್ಟುಹೋದದ್ದನ್ನು ಅಲ್ಲೊಂದು ಸಾಲು ಮಾತ್ರ ಹೇಳುತ್ತದೆ, ಅದನ್ನು ಗಮನಿಸದೆ ಹಂಚಿದರೆ ಪೈಥಾನ್ ಪ್ಯಾಕೇಜ್‌ಗಳನ್ನು ಇಳಿಸುವ ಪಿಪ್ ಯಾವ ಸರ್ವರ್‌ನಲ್ಲೂ ಏನನ್ನೂ ಇಳಿಸಿಕೊಳ್ಳಲಾರದು.