ಮುತ್ತಜ್ಜನ ಕಾಗದದಲ್ಲಿ ‘ನಂ. 4 ಸಿ.ಡಿ. ಫ್ಲೈಟ್, ಐ.ಎ.ಎಫ್.ವಿ.ಆರ್.’ ಎಂದಿದೆ. ಇದು ನಿಜವಾದ ವಾಯುಪಡೆಯೇ?

ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಗದಗಿನ ಹಳೇ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಮುತ್ತಜ್ಜ ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ ಸಿಕ್ಕಿದೆ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು 1940ರಲ್ಲಿ ಸೇರಿದರು ಎಂದು ಅದರಲ್ಲಿದೆ. ತುಕಡಿಯ ಹೆಸರಿನ ಜಾಗದಲ್ಲಿ ಮೇಲಿನ ಅಕ್ಷರಗಳು, ಊರಿನ ಮುಂದೆ ‘ಬಾಂಬೆ’. ಮನೆಯ ಹಿರಿಯರೊಬ್ಬರು ‘ಅದು ವಾಲಂಟಿಯರ್ ಪಡಿ, ಸೂಟಿ ದಿನದ ಕೆಲಸ, ಯುದ್ಧಕ್ಕೇನೂ ಹೋಗಿಲ್ಲ ತಗೋ’ ಅಂದರು. ಇಷ್ಟು ನೀವು ಬರೆದದ್ದು.

ಹಿರಿಯರ ಆ ಮಾತು ತಪ್ಪು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೂ ವಾಯುಸೇನೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈ, ರೆಕ್ಕೆ ನೋಡಿಕೊಳ್ಳುವವನು ಆಗಿದ್ದೆ. ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು, ತಾಂಬರಂನಲ್ಲಿ ಕೆಲಸ ಕಲಿತು, ಸರ್ವಿಸ್ ಮುಗಿಸಿ ಈಗ ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದೇನೆ. ನಿಮ್ಮ ಮುತ್ತಜ್ಜ ನನ್ನ ಕಸುಬಿನವರೇ.

ಊರಿನ ಗೊಂದಲ ಸುಲಭದ್ದು. ಆಗ ಗದಗ ಧಾರವಾಡ ಜಿಲ್ಲೆಯ ತಾಲ್ಲೂಕು, ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದ್ದು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ‘ಬಾಂಬೆ’ ಅಂದರೆ ನಿಮ್ಮ ಗದಗೇ.

ಐ.ಎ.ಎಫ್.ವಿ.ಆರ್. ಅಂದರೆ ಇಂಡಿಯನ್ ಏರ್ ಫೋರ್ಸ್ ವಾಲಂಟಿಯರ್ ರಿಸರ್ವ್. ಸಿ.ಡಿ. ಅಂದರೆ ಕೋಸ್ಟಲ್ ಡಿಫೆನ್ಸ್, ಕರಾವಳಿ ರಕ್ಷಣೆ. ಸ್ಕ್ವಾಡ್ರನ್‌ಗಿಂತ ಚಿಕ್ಕ ತುಕಡಿಗೆ ಫ್ಲೈಟ್ ಅನ್ನುತ್ತಾರೆ. ಈ ರಿಸರ್ವ್ ಯಾಕೆ ಹುಟ್ಟಿತು ಅನ್ನುವುದು ಗೊತ್ತಾಗಬೇಕಾದರೆ ಆಗಿನ ವಾಯುಪಡೆ ಎಷ್ಟು ಸಣ್ಣದಿತ್ತು ಅನ್ನುವುದನ್ನು ನೋಡಬೇಕು. ಭಾರತೀಯ ವಾಯುಪಡೆ ಕಾಗದದ ಮೇಲೆ ಹುಟ್ಟಿದ್ದು 1932ರ ಅಕ್ಟೋಬರ್ 8ಕ್ಕೆ. ಅದರ 1ನೇ ಸ್ಕ್ವಾಡ್ರನ್ ಕರಾಚಿಯ ಡ್ರಿಗ್ ರೋಡಿನಲ್ಲಿ ಎದ್ದು ನಿಂತದ್ದು 1933ರ ಏಪ್ರಿಲ್ 1ಕ್ಕೆ. ಅವತ್ತು ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಐದು ಜನ ಪೈಲಟ್, ಜತೆಗೆ ‘ಹವಾಯಿ ಸಿಪಾಯಿ’ ಎಂದು ಕರೆಸಿಕೊಳ್ಳುತ್ತಿದ್ದ ಬೆರಳೆಣಿಕೆಯ ನೆಲದ ಕೆಲಸಗಾರರು. 1939ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗಲೂ ಇಡೀ ದೇಶದ ಸ್ವಂತ ವಾಯುಪಡೆ ಅಂದರೆ ಆ ಒಂದೇ ಸ್ಕ್ವಾಡ್ರನ್.

ಇಷ್ಟುದ್ದ ಕರಾವಳಿಯನ್ನು ಯಾರು ಕಾಯಬೇಕು? ಭಾರತದ ರಕ್ಷಣೆ ಹೇಗಿರಬೇಕೆಂದು ನೋಡಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಚಾಟ್‌ಫೀಲ್ಡ್ ಸಮಿತಿ ಖಾಯಂ ಪಡೆಯನ್ನು ದೊಡ್ಡದು ಮಾಡುವ ಮಾತು ಆಡಲಿಲ್ಲ. ಸ್ವಯಂಸೇವಕರನ್ನು ಕೂಡಿಸಿ ಮುಖ್ಯ ಬಂದರುಗಳಿಗೆ ಒಂದೊಂದು ಫ್ಲೈಟ್ ಕಟ್ಟಿ ಅಂದಿತು. ಹಾಗೆ ಮದರಾಸಿನಲ್ಲಿ 1, ಮುಂಬಯಿಯಲ್ಲಿ 2, ಕಲ್ಕತ್ತೆಯಲ್ಲಿ 3, ಕರಾಚಿಯಲ್ಲಿ 4, ಕೊಚ್ಚಿಯಲ್ಲಿ 5, ಆಮೇಲೆ ವಿಶಾಖಪಟ್ಟಣದಲ್ಲಿ 6ನೇ ಫ್ಲೈಟ್ ಬಂತು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರುವುದು ಕಲಿತವರು, ಕಂಪನಿ ನೌಕರಿಯಲ್ಲಿದ್ದವರು, ಕಾರ್ಖಾನೆಯ ಕೈಗಸುಬಿನವರು ಈ ರಿಸರ್ವ್‌ಗೆ ಬಂದರು. ಇಂಜಿನ್, ಕಬ್ಬಿಣ, ಕೀಲುಗಳ ಕೆಲಸ ಗೊತ್ತಿದ್ದ ರೈಲ್ವೆ ಫಿಟ್ಟರ್ ಅಂದರೆ ಇಂಥ ತುಕಡಿಗೆ ಬಂಗಾರ.

ಇನ್ನು ವಿಮಾನಗಳ ಕಥೆ. ಕೊಟ್ಟದ್ದೆಲ್ಲ ಬೇರೆಯವರು ಬಳಸಿ ಬಿಟ್ಟದ್ದು. ಬ್ರಿಟಿಷರ ವಾಯುಪಡೆ ಆರ್‌.ಎ.ಎಫ್. ಓಡಿಸಿ ಹಳತಾದ ವಾಪಿಟಿಗಳು, 1ನೇ ಸ್ಕ್ವಾಡ್ರನ್ ಹಾರ್ಟ್ ವಿಮಾನಕ್ಕೆ ಬದಲಾದಾಗ ಉಳಿದ ವಾಪಿಟಿಗಳು. 1941ರ ಮಾರ್ಚ್ ಕೊನೆಗೆ ಮದರಾಸು, ಕಲ್ಕತ್ತೆಯ ಫ್ಲೈಟುಗಳಿಂದ ಅವನ್ನೂ ಕಿತ್ತುಕೊಂಡು ಪೇಶಾವರದಲ್ಲಿ ಹೊಸ 2ನೇ ಸ್ಕ್ವಾಡ್ರನ್ ಕಟ್ಟಲು ಕೊಟ್ಟರು. ಬದಲಿಗೆ ಇವರಿಗೆ ಸಿಕ್ಕದ್ದು ಅಟಲಾಂಟಾ. ಇಂಪೀರಿಯಲ್ ಏರ್‌ವೇಸ್‌ನವರು ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುತ್ತಿದ್ದ ನಾಲ್ಕು ಇಂಜಿನ್ನಿನ ವಿಮಾನ ಅದು. ಅದರಲ್ಲಿ ಸುಂದರಬನದ ಮೇಲೆ ಪಹರೆ ತಿರುಗಿದರು. ಮುಂಬಯಿಯವರಿಗೆ ಸಿವಿಲ್ ಕಂಪನಿಗಳಿಂದ ವಶಪಡಿಸಿಕೊಂಡ ಡಿ.ಎಚ್. 89 ವಿಮಾನಗಳು. ಕೊಚ್ಚಿಯವರಿಗೆ ಒಂದೇ ಒಂದು ಡಿ.ಎಚ್. 86. ಆ ಒಂದೇ ವಿಮಾನದಲ್ಲಿ ಕನ್ಯಾಕುಮಾರಿಯ ಪಶ್ಚಿಮಕ್ಕೆ, ಮಲಬಾರ್ ತೀರದುದ್ದಕ್ಕೆ ಸಮುದ್ರ ಕಾಯ್ದರು. ನಮ್ಮ ಕಾರವಾರ, ಮಂಗಳೂರು ಬರುವುದು ಈ ಎರಡು ಫ್ಲೈಟುಗಳ ನಡುವಿನ ಕರಾವಳಿಯಲ್ಲಿ.

ವಾಪಿಟಿ ಅಂದರೆ ಎಂಥದ್ದು ಅನ್ನುವುದು ಕಣ್ಣಿಗೆ ಕಟ್ಟಬೇಕಾದರೆ ದಿಲ್ಲಿಯ ಪಾಲಂನಲ್ಲಿರುವ ವಾಯುಸೇನೆ ವಸ್ತುಸಂಗ್ರಹಾಲಯಕ್ಕೆ ಹೋಗಿ. ಜಗತ್ತಿನಲ್ಲಿ ಉಳಿದಿರುವ ಒಂದೇ ವಾಪಿಟಿ ಅಲ್ಲಿದೆ. ನಾನು ಅದರ ಮುಂದೆ ಅರ್ಧ ತಾಸು ನಿಂತಿದ್ದೆ. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಕಂಬ, ಕಂಬಕ್ಕೆ ಕಂಬಕ್ಕೆ ಬಿಗಿದ ತಂತಿ. ಪೈಲಟ್‌ಗೆ ಮೇಲೆ ಸೂರಿಲ್ಲ. ಅವನ ಹಿಂದೆ ಗಾಳಿಗೆ ಮೈಯೊಡ್ಡಿ ಬಂದೂಕು ಹಿಡಿಯುವವನು. ರೆಕ್ಕೆಗೆ ಹೊದಿಸಿರುವುದು ಬಟ್ಟೆ! ಹರಿದ ಕಡೆ ತೇಪೆ ಕತ್ತರಿಸಬೇಕು, ಹೊಲಿಯಬೇಕು, ಮೇಲೆ ಡೋಪ್ ಎಂಬ ದ್ರಾವಣ ಬಳಿಯಬೇಕು. ಡೋಪ್ ಒಣಗುತ್ತಾ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಹೋಳಿ ಹುಣ್ಣಿಮೆಗೆ ನಮ್ಮ ಕಡೆ ಹಲಗಿಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರಲ್ಲ, ಹಾಗೆ. ಬೆರಳಿನಿಂದ ಬಾರಿಸಿದರೆ ಅದೂ ದಣ್ಣೆನ್ನಬೇಕು. ಮಂದ ಸದ್ದು ಬಂದರೆ ಆ ಜಾಗ ಮತ್ತೆ ಕೆಲಸ ಕೇಳುತ್ತಿದೆ ಅಂತ ಲೆಕ್ಕ. ಇದನ್ನೆಲ್ಲ ನೋಡಿಕೊಳ್ಳುವುದು ನೆಲದ ಮೇಲಿನ ಕೈಗಳು. ನಿಮ್ಮ ಮುತ್ತಜ್ಜನ ಫ್ಲೈಟಿನ ಬದುಕು ಅಂಥ ಕೈಗಳನ್ನು ನಂಬಿಕೊಂಡಿತ್ತು.

ಈಗ 4ನೇ ಫ್ಲೈಟಿಗೆ ಬರುತ್ತೇನೆ. ನೀವು ಮನೆಯಲ್ಲಿ ಓದಿ ಹೇಳಬೇಕಾದ ಭಾಗ ಇದೇ.

1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ಅದಕ್ಕೂ ಮೊದಲೇ ವಾಲಂಟಿಯರ್ ರಿಸರ್ವ್‌ನವರನ್ನು ಖಾಯಂ ವಾಯುಪಡೆಯೊಳಗೆ ಸೇರಿಸಿಕೊಂಡಾಗಿತ್ತು. ಫ್ಲೈಟುಗಳ ಹೆಸರು, ಕರಾವಳಿ ಕಾಯುವ ಕೆಲಸ ಮಾತ್ರ ಹಾಗೇ ಉಳಿದಿತ್ತು. ಕರಾಚಿಯಲ್ಲಿದ್ದ 4ನೇ ಫ್ಲೈಟನ್ನು ದೇಶದ ಆ ತುದಿಯಿಂದ ಈ ತುದಿ ದಾಟಿಸಿ ಬರ್ಮಾದ ಮೌಲ್ಮೇನಿಗೆ ಕಳಿಸಿದರು. ಅದರ ಬಳಿ ಇದ್ದದ್ದು ನಾಲ್ಕು ವಾಪಿಟಿ, ಆಡಾಕ್ಸ್ ಎಂಬ ಇನ್ನೆರಡು ವಿಮಾನ. ವಾಪಿಟಿ ಎಷ್ಟು ಜೋರಾಗಿ ಓಡಿಸಿದರೂ ತಾಸಿಗೆ ಸುಮಾರು 220 ಕಿಲೋಮೀಟರ್. ಬರ್ಮಾದ ಮೇಲೆ ಹಾರಾಡುತ್ತಿದ್ದ ಜಪಾನಿನ ಕಿ-27 ಯುದ್ಧವಿಮಾನ ಅದರ ಎರಡು ಪಟ್ಟು ಓಡುತ್ತಿತ್ತು. 1942ರ ಜನವರಿ ಮುಗಿಯುವುದರೊಳಗೆ ಮೌಲ್ಮೇನಿನ ಮೇಲಿನ ಬಾಂಬ್ ದಾಳಿಗಳಲ್ಲಿ ಆರರಲ್ಲಿ ನಾಲ್ಕು ವಿಮಾನ ಹೋದವು. ಜನವರಿ 31ಕ್ಕೆ ಮೌಲ್ಮೇನೇ ಜಪಾನೀಯರ ಕೈಸೇರಿತು.

4ನೇ ಫ್ಲೈಟಿನ ಜಾಗಕ್ಕೆ ಬಂದದ್ದು ಖಾಯಂ ಸ್ಕ್ವಾಡ್ರನ್ ಅಲ್ಲ. ಅದೂ ಒಂದು ಕರಾವಳಿ ಫ್ಲೈಟೇ, ಕಲ್ಕತ್ತೆಯ 3ನೆಯದು. ಅಷ್ಟೊತ್ತಿಗೆ ಅದಕ್ಕೆ ಆರ್‌.ಎ.ಎಫ್. ಬಿಟ್ಟ ನಾಲ್ಕು ಬ್ಲೆನ್‌ಹೈಮ್ ಬಾಂಬರ್ ವಿಮಾನ ಸಿಕ್ಕಿದ್ದವು. ಒಂದು ತಿಂಗಳ ಕಾಲ ರಂಗೂನ್ ಬಂದರಿಗೆ ಬರುವ ಹಡಗುಗಳ ಮೇಲೆ ಆಕಾಶದಲ್ಲಿ ಇದ್ದ ಕಾವಲು ಹೆಚ್ಚುಕಡಿಮೆ ಈ ನಾಲ್ಕೇ ವಿಮಾನದ್ದು. ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಏಪ್ರಿಲ್ 6ಕ್ಕೆ ವಿಶಾಖಪಟ್ಟಣ, ಕಾಕಿನಾಡದ ಮೇಲೇ ಜಪಾನೀ ಬಾಂಬು ಬಿದ್ದವು. ಬಂದರು ಕಾಯಲಿ ಎಂದು ಕಟ್ಟಿದ ಸ್ವಯಂಸೇವಕರ ಪಡೆ, ಬಟ್ಟೆಯ ರೆಕ್ಕೆ ಕಟ್ಟಿಕೊಂಡು, ಆಗ ಏಷ್ಯಾದಲ್ಲಿ ಎಲ್ಲಕ್ಕಿಂತ ಚುರುಕಾಗಿ ನುಗ್ಗುತ್ತಿದ್ದ ಸೈನ್ಯದ ಎದುರು ನಿಂತಿತ್ತು. ಇದಕ್ಕೆ ಸೂಟಿ ದಿನದ ಕೆಲಸ ಅನ್ನುವುದು ಅನ್ಯಾಯ. ದಯವಿಟ್ಟು ಆ ಹಿರಿಯರಿಗೆ ಇದನ್ನು ಓದಿ ಹೇಳಿ.

1942ರ ಕೊನೆಗೆ ಕರಾವಳಿ ಫ್ಲೈಟುಗಳನ್ನು ಮುಚ್ಚಿ, ಅಲ್ಲಿನ ಜನರನ್ನು ಆಗಷ್ಟೇ ಹುಟ್ಟುತ್ತಿದ್ದ ಹೊಸ ಸ್ಕ್ವಾಡ್ರನ್ನುಗಳಿಗೆ ಹಂಚಿದರು. 7ನೆಯದು, 8ನೆಯದು ಹಾಗೆ ತುಂಬಿಕೊಂಡವೇ. ಇಲ್ಲಿಂದ ಮುಂದೆ ‘ಸಿ.ಡಿ. ಫ್ಲೈಟ್’ ಎಂಬ ಹೆಸರು ಸಿಗುವುದಿಲ್ಲ. ಹಾಗಾಗಿ ಕಾಗದದ ಹಿಂಬದಿಯಲ್ಲಿ ಬೇರೆ ಸ್ಕ್ವಾಡ್ರನ್ ಸಂಖ್ಯೆ ಬರೆದಿದ್ದರೆ ಗಾಬರಿ ಬೇಡ, ಅದು ವರ್ಗಾವಣೆ. ರಿಸರ್ವ್‌ನಿಂದ ಬಂದವರು ಎಲ್ಲಿಯವರೆಗೆ ಹೋದರು ಅನ್ನುವುದಕ್ಕೆ ಒಂದೇ ಹೆಸರು ಸಾಕು: ಪ್ರತಾಪ್ ಚಂದ್ರ ಲಾಲ್. ದಿಲ್ಲಿ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರುವುದು ಕಲಿತ ಹುಡುಗ, ಯುದ್ಧ ಬಂದಾಗ ವಾಲಂಟಿಯರ್ ರಿಸರ್ವ್ ಸೇರಿ ನ್ಯಾವಿಗೇಟರ್ ಆದರು, ಮುಂದೆ 7ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾದರು. 1971ರ ಯುದ್ಧದಲ್ಲಿ ಇಡೀ ವಾಯುಸೇನೆಯನ್ನು ನಡೆಸಿದ ಏರ್ ಚೀಫ್ ಮಾರ್ಷಲ್ ಇವರೇ. 1940ರಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಹೋದ 24 ಪೈಲಟ್‌ಗಳೂ ಹೀಗೆ ಸಿವಿಲ್ ಲೈಸೆನ್ಸ್ ಹಿಡಿದು ಮುಂದೆ ಬಂದವರು. ಮಹಿಂದರ್ ಸಿಂಗ್ ಪುಜ್ಜಿ ಅವರಲ್ಲೊಬ್ಬರು.

ಸ್ವಾತಂತ್ರ್ಯದ ನಂತರ ಇಂಥ ಪಡೆ ಇತ್ತೇ ಎಂದೂ ಕೇಳಿದ್ದೀರಿ. ಇತ್ತು. 1952ರ ರಿಸರ್ವ್ ಮತ್ತು ಆಕ್ಸಿಲರಿ ವಾಯುಪಡೆಗಳ ಕಾಯ್ದೆಯಲ್ಲಿ ಮೂರು ಬಗೆ ಹೇಳಿದೆ: ಸರ್ವಿಸ್ ಮುಗಿಸಿದವರನ್ನು ಮತ್ತೆ ಕರೆಯಬಹುದಾದ ರೆಗ್ಯುಲರ್ ರಿಸರ್ವ್, ವಿಮಾನದ ವಿದ್ಯೆ ಬಲ್ಲ ನಾಗರಿಕರ ಏರ್ ಡಿಫೆನ್ಸ್ ರಿಸರ್ವ್, ಮತ್ತು ತಮ್ಮ ನೌಕರಿ ಮಾಡಿಕೊಂಡೇ ಹಾರುವವರ ಆಕ್ಸಿಲರಿ ಏರ್ ಫೋರ್ಸ್. ಈ ಮೂರನೆಯದರಲ್ಲಿ 51ರಿಂದ 57ರವರೆಗೆ ಏಳು ಸ್ಕ್ವಾಡ್ರನ್ ಬಂದವು. ದಿಲ್ಲಿ, ಮುಂಬಯಿ, ಮದರಾಸು, ಉತ್ತರ ಪ್ರದೇಶ, ಬಂಗಾಳ, ಒರಿಸ್ಸಾ, ಪಂಜಾಬ್. ಮೈಸೂರು ರಾಜ್ಯಕ್ಕೆ ಒಂದೂ ಬರಲಿಲ್ಲ. ವಿಮಾನ ತಯಾರಿಸುವ ಎಚ್‌.ಎ.ಎಲ್. ಬೆಂಗಳೂರಿನಲ್ಲೇ ಇದ್ದೂ ಹೀಗಾಯಿತಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ. ಇವರು ಮೊದಲು ಹಾರಿಸಿದ್ದು ಹಾರ್ವರ್ಡ್ ಎಂಬ ತರಬೇತಿ ವಿಮಾನ. ಆಮೇಲೆ ವ್ಯಾಂಪೈರ್ ಜೆಟ್ ಬಂತು. ಅದನ್ನು ನಮ್ಮ ಎಚ್‌.ಎ.ಎಲ್. ಕೂಡ ತಯಾರಿಸುತ್ತಿತ್ತು, ಜೆಟ್ ಆದರೂ ಪೈಲಟ್ ಕೂರುವ ಮುಂಭಾಗ ಪ್ಲೈವುಡ್, ಬಾಲ್ಸಾ ಮರದ್ದು.

ಅರವತ್ತರ ದಶಕದಲ್ಲಿ, ಚೀನಾ ಯುದ್ಧದ ಬೆನ್ನಿಗೆ ವಾಯುಸೇನೆ ದೊಡ್ಡದಾಗುತ್ತಿದ್ದಾಗ, ಈ ಸ್ಕ್ವಾಡ್ರನ್‌ಗಳು ಖಾಯಂ ಪಡೆಯಲ್ಲಿ ಕರಗಿದವು. ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ವಿಮಾನವೇ. ವಾರದ ಐದು ದಿನ ಆಫೀಸಿನಲ್ಲಿದ್ದು ಶನಿವಾರ, ರವಿವಾರ ಹಾರ್ವರ್ಡ್ ಹಾರಿಸಿದರೆ ಕೈ ಪಳಗಿರುತ್ತದೆ. ಮಿಗ್-21 ಹಾಗಲ್ಲ. ಅದಕ್ಕೆ ದಿನವೂ ಹಾರುವವನು ಬೇಕು, ದಿನವೂ ನೋಡಿಕೊಳ್ಳುವ ಫಿಟ್ಟರ್ ಬೇಕು. ಬ್ರಿಟನ್ನಿನಲ್ಲೂ ಹೀಗೇ ಆಯಿತು. ಅವರ ಆಕ್ಸಿಲರಿ ಸ್ಕ್ವಾಡ್ರನ್‌ಗಳು 1925ರಲ್ಲಿ ಶುರುವಾಗಿ 1940ರ ಬ್ಯಾಟಲ್ ಆಫ್ ಬ್ರಿಟನ್‌ನಲ್ಲಿ ಎದೆಗೊಟ್ಟು ಹೋರಾಡಿದವು. ಆದರೂ ಜೆಟ್ ಯುಗದಲ್ಲಿ, 1957ರ ಮಾರ್ಚ್ 10ಕ್ಕೆ, ಹಾರುವ ಸ್ಕ್ವಾಡ್ರನ್‌ಗಳನ್ನೆಲ್ಲ ಒಂದೇ ದಿನ ಮುಚ್ಚಿದರು. ಅಮೆರಿಕದ ಏರ್ ನ್ಯಾಷನಲ್ ಗಾರ್ಡ್ ಮಾತ್ರ ಇಂದಿಗೂ ಎಫ್-16 ಹಾರಿಸುತ್ತದೆ. ಅಲ್ಲಿ ಸಿವಿಲ್ ಏರ್‌ಲೈನ್ ಪೈಲಟ್‌ಗಳೇ ಎಷ್ಟೋ ಜನ, ಜತೆಗೆ ಪೂರ್ಣಾವಧಿ ತಂತ್ರಜ್ಞರ ದೊಡ್ಡ ತಂಡವೇ ಇದೆ. ಅಷ್ಟು ಖರ್ಚು ಹೊರುವ ಶಕ್ತಿ ಆಗ ನಮಗಿರಲಿಲ್ಲ. ಒಂದು ಮಾತು ಸೇರಿಸಬೇಕು: ಸಚಿನ್ ತೆಂಡೂಲ್ಕರ್‌ಗೆ 2010ರಲ್ಲಿ ಸಿಕ್ಕ ಗ್ರೂಪ್ ಕ್ಯಾಪ್ಟನ್ ಪದವಿ ಗೌರವದ್ದು. ಅದನ್ನು ಈ ರಿಸರ್ವ್ ಜತೆ ಹಲವರು ಬೆರೆಸುತ್ತಾರೆ, ಎರಡಕ್ಕೂ ಸಂಬಂಧವಿಲ್ಲ.

ಕೊನೆಗೆ ನಿಮ್ಮ ಟ್ರಂಕಿನ ವಿಷಯ. ಫ್ಲೈಟ್ ಬರ್ಮಾಕ್ಕೆ ಹೋಗಿತ್ತು. ಮುತ್ತಜ್ಜ ತಾವೇ ಅಲ್ಲಿದ್ದರೋ, ಕರಾಚಿಯಲ್ಲಿ ಉಳಿದಿದ್ದರೋ ಅನ್ನುವುದನ್ನು ಪದಕ ಹೇಳುತ್ತದೆ. ಟ್ರಂಕಿನ ತಳದ ಪೇಪರ್ ಎತ್ತಿ ನೋಡಿ, ಹಳೇ ಕುಂಕುಮ ಡಬ್ಬಿ, ಸೂಜಿದಾರದ ಡಬ್ಬಿಗಳನ್ನೂ ತೆಗೆದು ನೋಡಿ. ನಮ್ಮ ಕಡೆ ಮನೆಗಳಲ್ಲಿ ಪದಕಗಳು ಅಲ್ಲೇ ಇರುತ್ತವೆ. ಆರು ಮೂಲೆಯ ಕಂಚಿನ ನಕ್ಷತ್ರ ಸಿಕ್ಕರೆ ರಿಬ್ಬನ್ ಬಣ್ಣ ನೋಡಿ. ನಡುವೆ ಅಗಲ ಕೆಂಪು ಪಟ್ಟಿ, ಎರಡೂ ಬದಿ ಕಡುನೀಲಿ, ಆ ನೀಲಿಯ ನಡುವೆ ಒಂದೊಂದು ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾ ಸ್ಟಾರ್. ರಿಬ್ಬನ್ ಕೊಳೆತಿದ್ದರೆ ನಕ್ಷತ್ರದ ನಡುವಿನ ಅಕ್ಷರ ಓದಿ, ‘ದಿ ಬರ್ಮಾ ಸ್ಟಾರ್’ ಎಂದೇ ಬರೆದಿರುತ್ತದೆ. ಬ್ರಾಸೋ ಹಾಕಿ ಉಜ್ಜಬೇಡಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಕಾಗದದ ಮೇಲಿರುವ ಸರ್ವಿಸ್ ನಂಬರ್ ಬರೆದುಕೊಂಡು, ದಿಲ್ಲಿಯ ಸುಬ್ರತೋ ಪಾರ್ಕಿನಲ್ಲಿರುವ ಏರ್ ಫೋರ್ಸ್ ರೆಕಾರ್ಡ್ ಆಫೀಸಿಗೆ ಒಂದು ಅರ್ಜಿ ಹಾಕಿ. ಕಾಗದದ ಎರಡೂ ಬದಿಯ ನಕಲು ಲಗತ್ತಿಸಿ, ಹಿಂಬದಿ ಮರೆಯಬೇಡಿ. ವರ್ಗಾವಣೆ ವಿವರ ಇರುವುದು ಅಲ್ಲೇ.

ನಕ್ಷತ್ರ ಸಿಕ್ಕರೆ ರಿಬ್ಬನ್ ಬಣ್ಣ ಯಾವುದು ಅಂತ ನನಗೊಂದು ಸಾಲು ಬರೆಯಿರಿ. ನಾನು ಕಾಯುತ್ತಿರುತ್ತೇನೆ.