ಓದುಗರ ಪ್ರಶ್ನೆ, ವೈದ್ಯರ ಉತ್ತರ: ಎದೆಬಡಿತದ ಮಾತ್ರೆ ಮತ್ತು ಅದರ ಕಾಟಗಳು

ತಾಳ ತಪ್ಪಿದ ಎದೆಬಡಿತಕ್ಕೆ ಮಾತ್ರೆ ನುಂಗುತ್ತಿರುವವರಿಂದ, ಅವರನ್ನು ನೋಡಿಕೊಳ್ಳುತ್ತಿರುವ ಮನೆಯವರಿಂದ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಉತ್ತರಕ್ಕೆ ಮೊದಲು ಎಲ್ಲರಿಗೂ ಒಂದೇ ಕೋರಿಕೆ: ಇಲ್ಲಿ ಓದಿದ್ದನ್ನು ನಂಬಿ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಓದಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ನಿಮ್ಮ ವೈದ್ಯರ ಮುಂದಿಡಿ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳ ಬಡಿತ ತಾಳ ತಪ್ಪುವ ಕಾಯಿಲೆ) ಎಂದು ಎರಡು ವರ್ಷದಿಂದ ಅಮಿಯೊಡರೋನ್ 200 ಮಿ.ಗ್ರಾಂ ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದಾರೆ. ಬಡಿತ ಈಗ ಸರಿಯಾಗಿದೆ. ಆದರೆ ಆರು ತಿಂಗಳಿಂದ ಸದಾ ತೂಕಡಿಕೆ, ಮಲಬದ್ಧತೆ, ಬೇಸಿಗೆಯಲ್ಲೂ ಹೊದಿಕೆ ಬೇಕು. ವಯಸ್ಸಾಯಿತಲ್ಲ ಎನ್ನುತ್ತಾರೆ ಎಲ್ಲರೂ. ಮಾತ್ರೆಯಲ್ಲಿ ಅಯೋಡಿನ್ ಇದೆಯೆಂದು ಕೇಳಿ ಅಡುಗೆಗೆ ಕಲ್ಲುಪ್ಪು ಹಾಕುತ್ತಿದ್ದೇವೆ. ಸರಿಯೇ?
— ಶಿರಸಿಯಿಂದ

ಉತ್ತರ: ವಯಸ್ಸಿನ ಮೇಲೆ ಹೊರಿಸುವ ಮೊದಲು ಥೈರಾಯ್ಡ್ ನೋಡಿಸಿ. ನೀವು ಬರೆದ ಮೂರೂ ಲಕ್ಷಣಗಳು ಥೈರಾಯ್ಡ್ ಮಂದವಾದಾಗ ಬರುವಂಥವು. ಈ ವಾರವೇ ಟಿಎಸ್‌ಎಚ್ ಮತ್ತು ಫ್ರೀ ಟಿ4 ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಂದವಾದಾಗ ಟಿಎಸ್‌ಎಚ್ ಏರುತ್ತದೆ, ಚುರುಕಾದಾಗ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕೆಂದಿಲ್ಲ.

ಉಪ್ಪು ಬದಲಿಸಿದ್ದರಿಂದ ಏನೂ ಪ್ರಯೋಜನವಿಲ್ಲ. ಲೆಕ್ಕ ನೋಡಿ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಅಮಿಯೊಡರೋನ್ ತೂಕದಲ್ಲಿ ಶೇ 37ರಷ್ಟು ಅಯೋಡಿನ್ನೇ. ಅಂದರೆ 200 ಮಿ.ಗ್ರಾಂ ಮಾತ್ರೆಯೊಂದರಲ್ಲಿ ಸುಮಾರು 75 ಮಿ.ಗ್ರಾಂ. ಅದರಲ್ಲಿ ದಿನಕ್ಕೆ 6 ಮಿ.ಗ್ರಾಂನಷ್ಟು ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ದೇಹಕ್ಕೆ ಬೇಕಾದ್ದಕ್ಕಿಂತ ಇದೇ 40 ಪಟ್ಟು ಹೆಚ್ಚು. ಇದರ ಮುಂದೆ ಉಪ್ಪಿನಿಂದ ಉಳಿಸುವ ಅಯೋಡಿನ್ ಲೆಕ್ಕಕ್ಕೇ ಇಲ್ಲ. ಅದೇ ಪಾತ್ರೆಯ ಅಡುಗೆ ಉಣ್ಣುವ ಮನೆಯ ಮಕ್ಕಳಿಗೆ, ಗರ್ಭಿಣಿಯರಿಗೆ ಇದರಿಂದ ಅಯೋಡಿನ್ ಕೊರತೆಯಾಗಬಹುದು. ಮೊದಲಿನ ಉಪ್ಪನ್ನೇ ತನ್ನಿ.

ಟಿಎಸ್‌ಎಚ್ 10ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಲೆವೊಥೈರಾಕ್ಸಿನ್ ಶುರುಮಾಡುತ್ತಾರೆ. ಹೃದ್ರೋಗಿಗಳಿಗೆ ಇದನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಅಮಿಯೊಡರೋನ್ ನಿಲ್ಲಿಸಲೇಬೇಕೆಂದಿಲ್ಲ, ಬಡಿತಕ್ಕೆ ಅದು ಬೇಕೇಬೇಕು ಎಂದಾದರೆ ಎರಡನ್ನೂ ಜತೆಯಲ್ಲಿ ನಡೆಸಬಹುದು. ಹೊಸದಾಗಿ ಮಾತ್ರೆ ಶುರುಮಾಡಿದವರು ಒಂದು ವಿಷಯ ತಿಳಿದಿರಲಿ: ಮೊದಲ ಮೂರು ತಿಂಗಳು ಟಿಎಸ್‌ಎಚ್ ತುಸು ಏರಿ ತಾನಾಗಿಯೇ ಇಳಿಯುವುದುಂಟು. ಆ ಅವಧಿಯ ಒಂದೇ ಒಂದು ವರದಿ ಹಿಡಿದು ಥೈರಾಯ್ಡ್ ರೋಗವೆಂದು ತೀರ್ಮಾನಿಸುವಂತಿಲ್ಲ.

ಇದರ ವಿರುದ್ಧ ದಿಕ್ಕೂ ಇದೆ, ಅದು ಹೆಚ್ಚು ಅಪಾಯದ್ದು. ಥೈರಾಯ್ಡ್ ಚುರುಕಾಗಿಬಿಟ್ಟರೆ ತೂಕ ಇಳಿಯುತ್ತದೆ, ಕೈ ನಡುಗುತ್ತದೆ, ಹಿಡಿತಕ್ಕೆ ಬಂದಿದ್ದ ಬಡಿತ ಮತ್ತೆ ಕೆಡುತ್ತದೆ. ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಅದರ ಪ್ರಮಾಣ ಏರಿಸುವ ತಪ್ಪು ಆಗುವುದು ಇಲ್ಲೇ. ಚೆನ್ನಾಗಿದ್ದ ಬಡಿತ ಏಕಾಏಕಿ ಕೆಟ್ಟರೆ ಮೊದಲು ಟಿಎಸ್‌ಎಚ್ ಕೇಳಿ.

ಎರಡು ವರ್ಷದಲ್ಲಿ ಯಾವ ಪರೀಕ್ಷೆಯೂ ಆಗಿಲ್ಲವೆಂದು ಪತ್ರದಿಂದ ತೋರುತ್ತದೆ. ಅದೇ ನಮಗೆ ಹೆಚ್ಚು ಕಳವಳ. ಅಮಿಯೊಡರೋನ್ ಮಟ್ಟಿಗೆ ಪರೀಕ್ಷೆಯೂ ಔಷಧದ ಒಂದು ಭಾಗವೇ. ಥೈರಾಯ್ಡ್ ಮತ್ತು ಯಕೃತ್ತಿನ ರಕ್ತಪರೀಕ್ಷೆ ಆರು ತಿಂಗಳಿಗೊಮ್ಮೆ, ಎದೆಯ ಎಕ್ಸ್‌ರೇ ಮತ್ತು ಇಸಿಜಿ ವರ್ಷಕ್ಕೊಮ್ಮೆ, ದೃಷ್ಟಿ ಮಬ್ಬಾದರೆ ತಡಮಾಡದೆ ಕಣ್ಣಿನ ಪರೀಕ್ಷೆ. ಮಾತ್ರೆ ಶುರುವಾಗುವ ಮೊದಲಿನ ಎಕ್ಸ್‌ರೇ ಮನೆಯಲ್ಲಿದ್ದರೆ ಎಸೆಯಬೇಡಿ. ಮುಂದೆ ಹೋಲಿಸಿ ನೋಡಲು ಅದರಷ್ಟು ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

ಪ್ರಶ್ನೆ: ಇದೇ ಮಾತ್ರೆ ತೆಗೆದುಕೊಳ್ಳುವ ನನ್ನ ತಾಯಿಗೆ ಮೂರು ವಾರದಿಂದ ಒಣಕೆಮ್ಮು. ಎರಡು ಬಾಟಲಿ ಕೆಮ್ಮಿನ ಸಿರಪ್ ಮುಗಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು.
— ತುಮಕೂರಿನಿಂದ

ಉತ್ತರ: ಮೂರನೇ ಬಾಟಲಿ ತರಬೇಡಿ. ನಾಳೆಯೇ ಹೃದ್ರೋಗ ಅಥವಾ ಶ್ವಾಸಕೋಶ ತಜ್ಞರಿಗೆ ತೋರಿಸಿ. ಅಮಿಯೊಡರೋನ್ ಅಪರೂಪಕ್ಕೆ ಶ್ವಾಸಕೋಶವನ್ನು ಕೆಡಿಸುತ್ತದೆ, ಕಡಿಮೆ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲೂ. ಒಣಕೆಮ್ಮು, ನಡೆದಾಗ ಏದುಸಿರು, ಕೆಲವೊಮ್ಮೆ ಸಣ್ಣ ಜ್ವರ ಅದರ ಗುರುತು. ನ್ಯುಮೋನಿಯಾ ಎಂದೋ ಹೃದಯ ಸೋತಿದೆ ಎಂದೋ ಭಾವಿಸಿ ವಾರಗಟ್ಟಲೆ ಕಳೆದುಹೋಗುತ್ತದೆ. ಬೇಗ ಗುರುತಿಸಿ, ಮಾತ್ರೆ ನಿಲ್ಲಿಸಿ, ಅಗತ್ಯವಿದ್ದರೆ ಸ್ಟೆರಾಯ್ಡ್ ಕೊಟ್ಟರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಶ್ವಾಸಕೋಶ ಗಟ್ಟಿಯಾಗಿ ಹಾಗೆಯೇ ಉಳಿಯಬಹುದು.

ಮನೆಯಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಕುಳಿತಾಗ ಒಮ್ಮೆ, ಆರು ನಿಮಿಷ ಸಮತಟ್ಟಾದ ಜಾಗದಲ್ಲಿ ನಡೆದ ಮೇಲೆ ಒಮ್ಮೆ ನೋಡಿ ಬರೆದಿಡಿ. ಕುಳಿತಾಗಲೇ ಉಸಿರಿಗೆ ಕಷ್ಟವಾಗುತ್ತಿದ್ದರೆ ನಡೆಸಬೇಡಿ, ನೇರ ಆಸ್ಪತ್ರೆಗೆ ಹೋಗಿ. ನಡೆದ ಮೇಲೆ ಆಮ್ಲಜನಕದ ಅಂಕಿ 4ರಷ್ಟು ಕುಸಿದರೆ ಅದನ್ನು ವೈದ್ಯರಿಗೆ ಖಂಡಿತ ಹೇಳಿ. ಎಕ್ಸ್‌ರೇ ಚೆನ್ನಾಗಿ ಕಂಡರೂ ಸಂಶಯ ಉಳಿದಿದ್ದರೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ತಾಯಿಯ ಚೀಟಿಯಲ್ಲಿ ರಾಮಿಪ್ರಿಲ್, ಎನಲಾಪ್ರಿಲ್ ಇದೆಯೇ ಎಂದೂ ನೋಡಿ. ಆ ಗುಂಪಿನ ಬಿಪಿ ಮಾತ್ರೆಗಳಿಂದಲೂ ಒಣಕೆಮ್ಮು ಬರುತ್ತದೆ. ಆದರೆ ಅದು ಗಂಟಲು ಕೆರೆತದ ಕೆಮ್ಮು. ಮೆಟ್ಟಿಲ ಮೇಲೆ ಏದುಸಿರು ತರುವಂಥದ್ದಲ್ಲ. ಅಂದಹಾಗೆ, ಕೆಲವು ಕೆಮ್ಮು-ನೆಗಡಿ ಸಿರಪ್‌ಗಳಲ್ಲಿರುವ ಫಿನೈಲೆಫ್ರಿನ್ ಬಿಪಿ ಏರಿಸುವಂಥದ್ದು. ಹೃದ್ರೋಗಿಗಳು ಕೇಳದೆ ಕುಡಿಯಬಾರದು.

ಪ್ರಶ್ನೆ: ನಾನು ಹೊಲದಲ್ಲಿ ಕೆಲಸ ಮಾಡುವವ. ಅಮಿಯೊಡರೋನ್ ಶುರುವಾಗಿ ನಾಲ್ಕು ತಿಂಗಳಿಗೆ ಮುಖ, ಕೈ ಸುಟ್ಟಂತೆ ಉರಿ. ಬಸ್ಸಿನ ಕಿಟಕಿ ಪಕ್ಕ ಕೂತರೂ ಹಾಗೇ. ರಾತ್ರಿ ಎದುರಿನ ಗಾಡಿಯ ದೀಪದ ಸುತ್ತ ಬಳೆಯಂತೆ ಕಾಣುತ್ತದೆ. ನಿಲ್ಲಿಸಿದರೆ ಎರಡೇ ದಿನದಲ್ಲಿ ಸರಿಹೋಗುತ್ತದೆಯೇ?
— ಹಿರಿಯೂರಿನಿಂದ

ಉತ್ತರ: ಹೋಗುವುದಿಲ್ಲ. ಈ ಔಷಧ ಕೊಬ್ಬಿನಲ್ಲಿ, ಚರ್ಮದಲ್ಲಿ, ಯಕೃತ್ತಿನಲ್ಲಿ ಶೇಖರವಾಗುತ್ತದೆ. ದೇಹದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ಸರಾಸರಿ ಎರಡು ತಿಂಗಳು ಹಿಡಿಯುತ್ತದೆ. ಎರಡು ದಿನ ಬಿಟ್ಟರೆ ಚರ್ಮಕ್ಕೂ ಲಾಭವಿಲ್ಲ, ಬಡಿತಕ್ಕೂ ಒಳ್ಳೆಯದಲ್ಲ.

ಉರಿ ತರುವುದು ಬಿಸಿಲಿನ ಅಲ್ಟ್ರಾವಯೊಲೆಟ್-ಎ ಕಿರಣ. ಅದು ಗಾಜನ್ನೂ ದಾಟಿ ಬರುವುದರಿಂದಲೇ ಕಿಟಕಿ ಪಕ್ಕ ಕೂತರೂ ಉರಿಯುವುದು. ಬಹಳ ಕ್ರೀಮುಗಳು ತಡೆಯುವುದು ಬೇರೆ ಬಗೆಯ ಕಿರಣವನ್ನು. ನಿಮಗೆ ಬೇಕಾದದ್ದು ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಹಚ್ಚಿದರೆ ಬಿಳಿಯಾಗಿ ಕಾಣುವ ಕ್ರೀಮು. ಮುಖ, ಕಿವಿ, ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿ ಹಚ್ಚಿ. ಬೆವರಿದ ಮೇಲೆ, ಇಲ್ಲವೇ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಹೊಲದಲ್ಲಿ ಇದು ಕಷ್ಟವೆಂದು ಗೊತ್ತು. ಹಾಗಾಗಿ ಬಟ್ಟೆಯನ್ನೇ ಹೆಚ್ಚು ನಂಬಿ: ಒತ್ತಾಗಿ ನೇಯ್ದ ಗಾಢ ಬಣ್ಣದ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿ, ಕುತ್ತಿಗೆ ಮುಚ್ಚುವ ಟವೆಲು. ತೆಳು ಬಿಳಿ ಪಂಚೆಬಟ್ಟೆ ಸಾಲದು. ಕೆಲಸವನ್ನು ಬೆಳಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ಹೊಂದಿಸಿಕೊಳ್ಳಿ. ನಿರ್ಲಕ್ಷಿಸಿದರೆ ವರ್ಷಗಳ ಮೇಲೆ ಮುಖಕ್ಕೆ ಬೂದು-ನೀಲಿ ಛಾಯೆ ಹತ್ತಬಹುದು. ಅದು ಬಿಡಲು ತಿಂಗಳುಗಳಲ್ಲ, ವರ್ಷಗಳೇ ಬೇಕು, ಕೆಲವರಿಗೆ ಪೂರ್ತಿ ಬಿಡುವುದೂ ಇಲ್ಲ.

ದೀಪದ ಸುತ್ತಲ ಬಳೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಕೂತ ಸಣ್ಣ ಕಣಗಳಿಂದ. ಈ ಮಾತ್ರೆ ತಿನ್ನುವವರಲ್ಲಿ ಬಹುತೇಕ ಎಲ್ಲರಿಗೂ ಆ ಕಣಗಳಿರುತ್ತವೆ, ದೃಷ್ಟಿಗೆ ಅದರಿಂದ ಹಾನಿಯಿಲ್ಲ. ಒಂದು ಕಣ್ಣು ಮಬ್ಬಾಯಿತು, ನೋಟದ ಒಂದು ಭಾಗ ಕಾಣುತ್ತಿಲ್ಲ ಎಂದಾದರೆ ಮಾತು ಬೇರೆ. ಆಗ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ವಯಸ್ಸು 52, ಶಿಕ್ಷಕಿ, ಸಕ್ಕರೆ ಕಾಯಿಲೆಯೂ ಇದೆ. ಮೆಟೊಪ್ರೊಲಾಲ್ 50 ಮಿ.ಗ್ರಾಂ ಶುರುವಾದಾಗಿನಿಂದ ಮೈ ಭಾರ, ಕೈಕಾಲು ತಣ್ಣಗೆ, ರಾತ್ರಿಯಿಡೀ ಕೆಟ್ಟ ಕನಸು. ಬಿಟ್ಟುಬಿಡಲೇ?
— ಮೈಸೂರಿನಿಂದ

ಉತ್ತರ: ಏಕಾಏಕಿ ಬಿಡುವುದು ಬೀಟಾ ಬ್ಲಾಕರ್ ಎಂಬ ಈ ಗುಂಪಿನ ಮಾತ್ರೆಗಳಲ್ಲಿ ನಿಜಕ್ಕೂ ಅಪಾಯ. ಅಡ್ರಿನಲಿನ್ ಬಂದು ತಟ್ಟುವ ಬಾಗಿಲುಗಳನ್ನು ಮಾತ್ರೆ ಮುಚ್ಚಿಟ್ಟಿರುತ್ತದೆ. ಅದಕ್ಕೆ ಪ್ರತಿಯಾಗಿ ದೇಹ ಅಂಥ ಬಾಗಿಲುಗಳನ್ನು ಹೆಚ್ಚಿಸಿಕೊಂಡಿರುತ್ತದೆ. ಮಾತ್ರೆ ತಟ್ಟನೆ ನಿಂತರೆ ಎಲ್ಲ ಒಮ್ಮೆಲೇ ತೆರೆದು ಬಡಿತ, ಬಿಪಿ ಎರಡೂ ಜಿಗಿಯುತ್ತವೆ. ಬಿಡಲೇಬೇಕಾದರೆ ವೈದ್ಯರು ಒಂದೆರಡು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ.

ಸುಸ್ತು ಹಲವರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಮೊದಲು ನಾಡಿ ಎಣಿಸಿ. ಐದು ನಿಮಿಷ ಕುಳಿತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಾಳ ತಪ್ಪಿದ ನಾಡಿಯಲ್ಲಿ ಲೆಕ್ಕ ಕೆಡುತ್ತದೆ. ಬಿಪಿ ಯಂತ್ರವೂ ಇಂಥ ನಾಡಿಯಲ್ಲಿ ಒಮ್ಮೊಮ್ಮೆ ಒಂದೊಂದು ಹೇಳುತ್ತದೆ, ಮೂರು ಸಲ ನೋಡಿ ಸರಾಸರಿ ಬರೆಯಿರಿ. ಒಂದು ವಾರ ಬೆಳಗ್ಗೆ-ಸಂಜೆ ಬರೆದ ಹಾಳೆ ಕೊಟ್ಟರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ನಾಡಿ 50ಕ್ಕಿಂತ ಕೆಳಗಿದ್ದು ತಲೆಸುತ್ತು, ಸುಸ್ತು ಇದ್ದರೆ ಕಾಯದೆ ಫೋನ್ ಮಾಡಿ. ಕಣ್ಣು ಕತ್ತಲಿಟ್ಟು ಬಿದ್ದರೆ 108.

ಕೆಟ್ಟ ಕನಸು ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ಗಳಲ್ಲಿ ಹೆಚ್ಚು, ಇವು ಕೊಬ್ಬಿನಲ್ಲಿ ಕರಗಿ ಮಿದುಳಿಗೆ ಸುಲಭವಾಗಿ ನುಸುಳುತ್ತವೆ. ರಾತ್ರಿಯ ಗುಳಿಗೆಯನ್ನು ಬೆಳಗ್ಗೆಗೆ ಬದಲಿಸಬಹುದೇ, ಬಿಸೊಪ್ರೊಲಾಲ್‌ಗೆ ಬದಲಾಯಿಸಬಹುದೇ ಎಂದು ಕೇಳಿ. ಎರಡೂ ಕೇಳಬಹುದಾದ ಪ್ರಶ್ನೆಗಳೇ, ಸಂಕೋಚ ಬೇಡ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಈ ವಯಸ್ಸಿನ ಹೆಂಗಸರ ಸುಸ್ತಿಗೆ ರಕ್ತಹೀನತೆ ಕಾರಣವಾಗಿದ್ದು, ದೂರು ಮಾತ್ರೆಯ ಮೇಲೆ ಬರುವುದು ತೀರ ಸಾಮಾನ್ಯ.

ಸಕ್ಕರೆ ಕಾಯಿಲೆಯವರು ನೆನಪಿಡಬೇಕಾದದ್ದು: ಸಕ್ಕರೆ ತೀರ ಇಳಿದಾಗ ಬರುವ ಎದೆ ಡವಡವ, ಕೈನಡುಕವನ್ನು ಈ ಮಾತ್ರೆ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಬರುತ್ತದೆ. ಕಾರಣವಿಲ್ಲದೆ ತಣ್ಣನೆ ಬೆವರಿದರೆ ಕೂಡಲೇ ಗ್ಲುಕೋಮೀಟರ್ ಹಿಡಿಯಿರಿ. ನಿಮ್ಮದು ದಿನಕ್ಕೊಂದೇ ನುಂಗುವ, ನಿಧಾನವಾಗಿ ಕರಗುವ ಬಗೆಯಾದರೆ ಪುಡಿ ಮಾಡಬೇಡಿ, ಅಗಿಯಬೇಡಿ.

ಪ್ರಶ್ನೆ: ಅಜ್ಜಿಗೆ 76. ಡಿಗಾಕ್ಸಿನ್ ಮತ್ತು ನೀರು ಹೋಗುವ ಮಾತ್ರೆ ಇವೆ. ಭೇದಿಯಾಗಿ ನಾಲ್ಕು ದಿನವಾಯಿತು. ಈಗ ಊಟ ಸೇರುವುದಿಲ್ಲ, ವಾಕರಿಕೆ, ಗೋಡೆ ಹಳದಿಯಾಗಿ ಕಾಣುತ್ತಿದೆ ಎನ್ನುತ್ತಾರೆ.
— ಗದಗದಿಂದ

ಉತ್ತರ: ಈ ಪತ್ರಕ್ಕೆ ಅಂದೇ ಫೋನ್ ಮಾಡಿ ಉತ್ತರಿಸಿದ್ದೇವೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಇದು ಡಿಗಾಕ್ಸಿನ್ ಮೈಯಲ್ಲಿ ವಿಷದ ಮಟ್ಟಕ್ಕೇರಿದ ಲಕ್ಷಣ. ಮುಂದಿನ ಗುಳಿಗೆ ಕೊಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇಸಿಜಿ, ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತದ ಡಿಗಾಕ್ಸಿನ್ ಮಟ್ಟ ಇಷ್ಟು ನೋಡಬೇಕು. ಕೊನೆಯ ಗುಳಿಗೆ ನುಂಗಿದ ಹೊತ್ತನ್ನು ಹೇಳಿ. ಆರು ತಾಸಿನೊಳಗೆ ತೆಗೆದ ರಕ್ತದಲ್ಲಿ ಮಟ್ಟ ಸುಳ್ಳೇ ಹೆಚ್ಚಾಗಿ ಕಾಣುತ್ತದೆ.

ಆದದ್ದು ಇಷ್ಟು: ಡಿಗಾಕ್ಸಿನ್ ಹೊರಹೋಗುವುದು ಮೂತ್ರಪಿಂಡದಿಂದ. ಭೇದಿಯಿಂದ ನೀರು ಬತ್ತಿ ಮೂತ್ರಪಿಂಡ ಸೊರಗಿದಾಗ ಔಷಧ ಒಳಗೇ ನಿಂತಿತು. ಭೇದಿ ಮತ್ತು ನೀರಿನ ಮಾತ್ರೆ ಸೇರಿ ಪೊಟ್ಯಾಸಿಯಂ ಇಳಿಸಿದವು, ಆಗ ಅದೇ ಪ್ರಮಾಣದ ಔಷಧ ಹೃದಯವನ್ನು ಇಮ್ಮಡಿ ಕಾಡಿತು. ಕೆಮ್ಮಿಗೆಂದು ಅತಿಮಧುರದ ಕಷಾಯ ದಿನಾ ಕುಡಿಯುವವರಲ್ಲೂ ಪೊಟ್ಯಾಸಿಯಂ ಹೀಗೇ ಇಳಿಯುತ್ತದೆ. ಹಾಗೆಂದು ಪೊಟ್ಯಾಸಿಯಂಗಾಗಿ ಮನಬಂದಂತೆ ಎಳನೀರು ಕುಡಿಸುವುದೂ ತಪ್ಪು. ಮೂತ್ರಪಿಂಡ ಸೊರಗಿದವರಲ್ಲಿ, ಪೊಟ್ಯಾಸಿಯಂ ಉಳಿಸಿಕೊಳ್ಳುವ ಬಗೆಯ ನೀರಿನ ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ತಿನ್ನುವವರಲ್ಲಿ ಅದು ಅತಿಯಾಗಿ ಏರಿಬಿಡುತ್ತದೆ.

ಡಿಗಾಕ್ಸಿನ್ 0.25 ಮಿ.ಗ್ರಾಂ ಮತ್ತು 0.125 ಮಿ.ಗ್ರಾಂ ಎರಡು ಬಗೆ ಸಿಗುತ್ತದೆ. ಔಷಧದಂಗಡಿಯಲ್ಲಿ ಒಂದರ ಬದಲು ಇನ್ನೊಂದು ಬಂದರೆ ಪ್ರಮಾಣ ದುಪ್ಪಟ್ಟಾಗುತ್ತದೆ, ಇಲ್ಲವೇ ಅರ್ಧಕ್ಕಿಳಿಯುತ್ತದೆ. ಪ್ರತಿ ಸಲ ಪಟ್ಟಿಯ ಹಿಂದಿನ ಅಂಕಿ ಓದಿ. ವಾರಕ್ಕೆ ಐದೇ ದಿನ ಎಂದು ಬರೆದಿದ್ದರೆ ಬಿಡಬೇಕಾದ ಎರಡು ದಿನಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಡಿ.

ಪ್ರಶ್ನೆ: ಬಡಿತದ ಮಾತ್ರೆಯ ಜತೆ ಗ್ಯಾಸಿನ ಮಾತ್ರೆ, ಜ್ವರದ ಮಾತ್ರೆ ತೆಗೆದುಕೊಳ್ಳಬಹುದೇ? ಹಣ್ಣುಹಂಪಲಿನ ಪಥ್ಯವೇನಾದರೂ ಇದೆಯೇ?
— ದೊಡ್ಡಬಳ್ಳಾಪುರದಿಂದ

ಉತ್ತರ: ಜ್ವರಕ್ಕೆ ಪ್ಯಾರಾಸಿಟಮಾಲ್ ಆಗಬಹುದು. ಗ್ಯಾಸಿನ ಮಾತ್ರೆಯ ವಿಷಯದಲ್ಲಿ ಎಚ್ಚರ: ಪ್ಯಾಂಟೊಪ್ರಜೋಲ್ ಒಂದೇ ಇದ್ದರೆ ಭಯ ಕಡಿಮೆ. ಆದರೆ ಅಂಗಡಿಯವರು ಕೊಡುವುದು ಹೆಚ್ಚಾಗಿ ಡೊಂಪೆರಿಡೋನ್ ಸೇರಿದ್ದು. ಡೊಂಪೆರಿಡೋನ್, ಅಜಿಥ್ರೊಮೈಸಿನ್, ವಾಂತಿಗೆ ಕೊಡುವ ಆಂಡನ್‌ಸೆಟ್ರಾನ್ ಇವೆಲ್ಲ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವನ್ನು ಹಿಗ್ಗಿಸುತ್ತವೆ. ಅಮಿಯೊಡರೋನ್, ಸೊಟಲಾಲ್ ಅದನ್ನು ಮೊದಲೇ ಹಿಗ್ಗಿಸಿರುತ್ತವೆ. ಎರಡೂ ಸೇರಿದರೆ ಪ್ರಾಣಾಪಾಯದ ಬಡಿತ ಹುಟ್ಟಬಹುದು. ಕ್ಲಾರಿಥ್ರೊಮೈಸಿನ್ ಇದರ ಜತೆಗೆ ಡಿಗಾಕ್ಸಿನ್ ಮಟ್ಟವನ್ನೂ ಏರಿಸುತ್ತದೆ.

ರಕ್ತ ತೆಳುಮಾಡುವ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಇದ್ದವರಿಗೆ ಅಮಿಯೊಡರೋನ್ ಸೇರಿಸಿದರೆ ರಕ್ತ ಇನ್ನಷ್ಟು ತೆಳುವಾಗುತ್ತದೆ. ವಾರ್ಫರಿನ್ ಪ್ರಮಾಣವನ್ನು ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದಷ್ಟು ಇಳಿಸಬೇಕಾಗುತ್ತದೆ. ಮೊದಲ ಆರೇಳು ವಾರ ವಾರಕ್ಕೊಮ್ಮೆ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ನೋಡಿಸಿ. ಅಮಿಯೊಡರೋನ್ ನಿಂತ ಮೇಲೂ ತಿಂಗಳುಗಟ್ಟಲೆ ಈ ಲೆಕ್ಕ ಅಲುಗಾಡುತ್ತಿರುತ್ತದೆ. ಅಮಿಯೊಡರೋನ್ ಜತೆ ಕೊಲೆಸ್ಟ್ರಾಲ್ ಇಳಿಸುವ ಸಿಂವಾಸ್ಟಾಟಿನ್ ಇದ್ದರೆ ಅದು 20 ಮಿ.ಗ್ರಾಂ ಮೀರಬಾರದು, ಮೀರಿದರೆ ಮಾಂಸಖಂಡ ನೋಯುತ್ತದೆ, ಕೆಡಲೂಬಹುದು.

ಹಣ್ಣಿನಲ್ಲಿ ಬೇಡವೆನ್ನಬೇಕಾದದ್ದು ನಿಮ್ಮ ನೆರೆಯ ದೇವನಹಳ್ಳಿಗೇ ಹೆಸರು ತಂದ ಚಕ್ಕೋತ. ದ್ರಾಕ್ಷಿಹಣ್ಣಿನ ಹೆಸರು ಹೊತ್ತ ವಿದೇಶಿ ಗ್ರೇಪ್‌ಫ್ರೂಟ್ ಇದರ ಸಂತತಿಯೇ. ಎರಡರಲ್ಲೂ ಅಮಿಯೊಡರೋನನ್ನು ಕರಗಿಸುವ ಕಿಣ್ವವನ್ನು ಕಟ್ಟಿಹಾಕುವ ಅಂಶಗಳಿವೆ, ರಕ್ತದಲ್ಲಿ ಔಷಧ ಏರುತ್ತದೆ. ಮೂಸಂಬಿ, ಕಿತ್ತಳೆಗೆ ಅಡ್ಡಿಯಿಲ್ಲ. ಸೊಪ್ಪು ಬಿಡಬೇಕಾಗಿಲ್ಲ. ವಾರ್ಫರಿನ್ ಇದ್ದವರು ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ಸಾಕು.

ಪ್ರಶ್ನೆ: ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಸಲ ಎರಡು ನುಂಗಬಹುದೇ?
— ಪುತ್ತೂರಿನಿಂದ

ಉತ್ತರ: ಬೇಡ. ಸ್ವಲ್ಪ ಹೊತ್ತಿನಲ್ಲೇ ನೆನಪಾದರೆ ನುಂಗಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟು ಎಂದಿನಂತೆ ಒಂದೇ ನುಂಗಿ. ಮರೆತದ್ದೋ ನುಂಗಿದ್ದೋ ಎಂಬ ಗುಮಾನಿಯಿದ್ದರೆ ನುಂಗಿಲ್ಲವೆಂದು ಭಾವಿಸಬೇಡಿ. ವಾರದ ಏಳು ಗೂಡಿನ ಡಬ್ಬಿಯೊಂದನ್ನು ಕೊಂಡು ಭಾನುವಾರ ತುಂಬಿಡಿ, ಆಗ ಖಾಲಿ ಗೂಡೇ ಉತ್ತರ ಹೇಳುತ್ತದೆ.